ಬಿಟ್ಟುಹೋದ ಪಾಠ

ಮೂವತ್ತೆರಡು ವರ್ಷಗಳ ಕಾಲ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಸಂಸ್ಕೃತ ಕನ್ನಡಗಳನ್ನು ಬೋಧಿಸಿ ನಿವೃತ್ತನಾದ ನನಗೆ ಆಹಾರಶಾಸ್ತ್ರದ ವಿಷಯದಲ್ಲಿ ಮಾತನಾಡುವ ಅಧಿಕಾರವೇನೂ ಇಲ್ಲ. ಆದರೆ ಪಾಠ ಹೇಳುವವನ ಸ್ವಾತಂತ್ರ್ಯವೆಂಬ ವಿಷಯದಲ್ಲಿ ನನಗೆ ಒಂದು ಅನುಭವವುಂಟು. ಅದು ಹೆಮ್ಮೆಪಟ್ಟುಕೊಳ್ಳತಕ್ಕ ಅನುಭವವಲ್ಲ. ಗೃಹಸ್ಥರಾದ ವಾಚಕರು ನಾನು ಎಡವಿದ ಕಡೆ ಎಡವದಿರಲಿ ಎಂಬ ಒಂದೇ ಉದ್ದೇಶದಿಂದ ಅದನ್ನು ಇಲ್ಲಿ ನಿವೇದಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಅಮೆರಿಕಾ ದೇಶದಿಂದ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬನು, "ಮೇಷ್ಟ್ರೇ, ಇವು ನಿಮಗೆ ಹಿಡಿಸುವ ಪುಸ್ತಕಗಳು" ಎಂದು ಕಾಲಿನ್ ಕ್ಯಾಂಪ್‌ಬೆಲ್ ಎಂಬ ವಿದ್ವಾಂಸರ ಎರಡು ಗ್ರಂಥಗಳನ್ನು ಕೊಟ್ಟುಹೋದನು. ಈ ಮಹನೀಯರು 1934ರಲ್ಲಿ ಹುಟ್ಟಿದವರು. ಹಸುಗಳನ್ನು ಸಾಕಿ ಹಾಲು ಮಾರುವ ಮನೆಯಲ್ಲಿ ಬೆಳೆದವರು. ನ್ಯೂಯಾರ್ಕ್ ಸಂಸ್ಥಾನದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪೋಷಣಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಹಾಲು, ಮೊಟ್ಟೆ, ಮಾಂಸಗಳೇ ಉತ್ತಮಾಹಾರವೆಂದು ಇವರೂ ಮೊದಲಿಗೆ ನಂಬಿದ್ದರು. ಇವರ ಮನಸ್ಸನ್ನು ತಿರುಗಿಸಿದ ಕಾರಣಗಳಲ್ಲಿ ಒಂದು ನಮ್ಮ ದೇಶದ್ದೇ ಎಂಬುದನ್ನು ಓದಿ ನನಗೆ ಆಶ್ಚರ್ಯವೂ ಸಂತೋಷವೂ ಆಯಿತು. ಹೈದರಾಬಾದಿನ ಪೋಷಣ ಸಂಶೋಧನಾಲಯದ ಮಾಧವನ್, ಗೋಪಾಲನ್ ಎಂಬ ವಿದ್ವಾಂಸರು 1968ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಕಡಲೆಕಾಯಿಗೆ ಹಿಡಿಯುವ ಬೂಷ್ಟಿನಲ್ಲಿ ಹುಟ್ಟುವ ವಿಷವನ್ನು ಎರಡು ಗುಂಪಿನ ಇಲಿಗಳಿಗೂ ಕೊಟ್ಟು, ಹಾಲಿನ ಪ್ರೋಟೀನನ್ನು ಮಾತ್ರ ಒಂದು ಗುಂಪಿಗೆ ಆಹಾರದಲ್ಲಿ ನೂರಕ್ಕೆ 20 ಪಾಲೂ ಇನ್ನೊಂದಕ್ಕೆ 5 ಪಾಲೂ ಕೊಟ್ಟಾಗ, ಹೆಚ್ಚು ತಿಂದ ಇಲಿಗಳಲ್ಲಿಯೇ ಯಕೃತ್ತಿನ ಗಡ್ಡೆಗಳು ಕಾಣಿಸಿಕೊಂಡುವಂತೆ. ಇದನ್ನು ಹಿಡಿದು ಕ್ಯಾಂಪ್‌ಬೆಲ್ಲರು ಅನೇಕ ವರ್ಷ ಶೋಧಿಸಿದರು. ಚೀನಾ ದೇಶದ 65 ಜಿಲ್ಲೆಗಳ ಜನರ ಊಟವನ್ನೂ ರೋಗಗಳನ್ನೂ ಅಳೆದ ದೊಡ್ಡ ಕಾರ್ಯದಲ್ಲಿ ಭಾಗಿಗಳಾದರು. ಕಡೆಗೆ ಸಸ್ಯಾಹಾರದ ಪೋಷಣೆಯೆಂಬ ಪಾಠಕ್ರಮವನ್ನೇ ತಮ್ಮ ವಿಶ್ವವಿದ್ಯಾನಿಲಯದಲ್ಲಿ ನಡೆಸಿದರು. 2005ರಲ್ಲಿ ಆ ಪಾಠಕ್ರಮವು ತಮ್ಮನ್ನು ಕೇಳದೆಯೇ ಕೈಬಿಡಲ್ಪಟ್ಟಿತೆಂದು ಅವರು ಬರೆದಿದ್ದಾರೆ. ಇದು ಒಂದು ಪಕ್ಷದ ಮಾತು, ನಿಜ. ಚೀನಾದ ಅಂಕಿಗಳಿಂದ ಅವರು ತೆಗೆದ ಸಿದ್ಧಾಂತವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು ಎಂಬುದು ಅವರ ಆಕ್ಷೇಪಣೆ.

ಆದರೆ ಆ ಸಂಜೆ ನನಗೆ ಆಕ್ಷೇಪಣೆಗಳು ಬೇಕಿರಲಿಲ್ಲ. ನಾನು ಹುಟ್ಟು ಸಸ್ಯಾಹಾರಿ. ಪಡಸಾಲೆಯಲ್ಲಿ ಸೊಪ್ಪು ಬಿಡಿಸುತ್ತ ಕುಳಿತಿದ್ದ ನನ್ನ ಹೆಂಡತಿಗೆ ಆ ಭಾಗವನ್ನು ಅರ್ಥ ಹೇಳುತ್ತ ಓದಿ, "ನೋಡಿದೆಯಾ! ಅಷ್ಟು ದೊಡ್ಡ ವಿದ್ಯಾಪೀಠದಲ್ಲಿಯೂ ಮೇಷ್ಟರ ಬಾಯಿಗೆ ಬೀಗ! ಸತ್ಯವನ್ನು ಹೇಳಿದವನಿಗೆ ಎಲ್ಲಿಯೂ ಸ್ಥಳವಿಲ್ಲ" ಎಂದು ಉದ್ಗರಿಸಿದೆನು. ಆಕೆ ಸೊಪ್ಪಿನಿಂದ ತಲೆಯೆತ್ತದೆ, "ಅಲ್ಲಾಂದ್ರೆ, ನಮ್ಮ ಸ್ಕೂಲಿನಲ್ಲಿ ಆ ಸಯನ್ಸ್ ಮೇಷ್ಟರ ಪಾಠ ನಿಲ್ಲಿಸಿದವರು ಯಾರು?" ಎಂದಳು.

ನಾನು ಪುಸ್ತಕವನ್ನು ಮುಚ್ಚಿದೆನು.

ಅದು 2004ನೆಯ ಇಸವಿ. ನಮ್ಮ ಶಾಲೆಗೆ ಹೊಸದಾಗಿ ಒಬ್ಬ ವಿಜ್ಞಾನದ ಉಪಾಧ್ಯಾಯರು ಬಂದಿದ್ದರು. ಇಪ್ಪತ್ತೈದರ ತರುಣ; ವಿನಯವಂತ. ಆಹಾರದ ಪಾಠ ಬಂದಾಗ ಅವರು ಕಪ್ಪುಹಲಗೆಯ ಮೇಲೆ ಎರಡು ತಟ್ಟೆಗಳನ್ನು ಬರೆದರು. ಒಂದರಲ್ಲಿ ರಾಗಿಮುದ್ದೆ, ಹುರುಳಿಸಾರು, ಸೊಪ್ಪು. ಇನ್ನೊಂದರಲ್ಲಿ ಅನ್ನ, ಮೀನು, ಮೊಟ್ಟೆ. ರಾಗಿಯ 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಅಂಶವಿದೆಯೆಂದೂ, ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನು ಇದೆಯೆಂದೂ, ಧಾನ್ಯದಲ್ಲಿ ಕೊರತೆಯಾದುದನ್ನು ಬೇಳೆಯೂ ಬೇಳೆಯಲ್ಲಿ ಕೊರತೆಯಾದುದನ್ನು ಧಾನ್ಯವೂ ತುಂಬುತ್ತದೆಯೆಂದೂ ಲೆಕ್ಕ ಹಾಕಿ ತೋರಿಸಿದರು. ಯಾವ ತಟ್ಟೆಯನ್ನೂ ಹೊಗಳಲಿಲ್ಲ, ಯಾವುದನ್ನೂ ತೆಗಳಲಿಲ್ಲ. ಆದರೂ ಮರುದಿನ ನಾಲ್ಕಾರು ಮಂದಿ ಪೋಷಕರು ಬಂದು, "ಮಕ್ಕಳಿಗೆ ಮೊಟ್ಟೆ ತಿನ್ನಲು ಕಲಿಸುತ್ತಿದ್ದಾರೆ" ಎಂದು ದೂರಿದರು. ಅವರಲ್ಲಿ ಶಾಲೆಗೆ ಧನಸಹಾಯ ಮಾಡುವವರೂ ಇದ್ದರು. ಹಿರಿಯನೆಂದು ಮುಖ್ಯೋಪಾಧ್ಯಾಯರು ಈ ಕೆಲಸವನ್ನು ನನಗೆ ಒಪ್ಪಿಸಿದರು.

ನಾನು ಆ ತರುಣನನ್ನು ಕರೆದು, "ಈ ಪಾಠದ ಉಳಿದ ಭಾಗವನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ ಮುಂದೆ ಹೋಗಿಬಿಡಿ" ಎಂದೆನು.

"ನಾನು ಹೇಳಿದ್ದರಲ್ಲಿ ತಪ್ಪೇನಾದರೂ ಇದೆಯೇ, ಗುರುಗಳೇ?"

"ತಪ್ಪು ಸರಿಯ ಮಾತಲ್ಲಪ್ಪ, ಊರಿನ ರೀತಿ."

"ನಾಳೆಯ ಪಾಠ ಸಸ್ಯಾಹಾರಿಗಳು ವಹಿಸಬೇಕಾದ ಎಚ್ಚರಿಕೆಯ ವಿಷಯ. ಅದು ಅವರ ಮಕ್ಕಳಿಗೇ ಬೇಕಾದದ್ದು" ಎಂದು ತಮ್ಮ ಟಿಪ್ಪಣಿಯನ್ನು ಮುಂದಕ್ಕೆ ಚಾಚಿದರು. ನಾನು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅವರು ನಮಸ್ಕರಿಸಿ ಹೊರಟುಹೋದರು. ಪಾಠ ಅಲ್ಲಿಗೆ ನಿಂತಿತು. ಎರಡನೆಯ ವರ್ಷ ಅವರೇ ಬೇರೆ ಊರಿಗೆ ಹೋದರು. ಜಾಣತನದಿಂದ ಶಾಲೆಯ ಮಾನ ಕಾಪಾಡಿದೆನೆಂದು ನಾನು ಬಹುಕಾಲ ತಿಳಿದುಕೊಂಡಿದ್ದೆನು. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೆಯ ತಟ್ಟೆಯ ಮನೆಗಳಿಂದ ಬಂದವರು. ತಮ್ಮ ಮನೆಯ ಊಟವು ಶಾಲೆಯಲ್ಲಿ ಹೆಸರೆತ್ತಬಾರದ ವಸ್ತುವೆಂಬುದೇ ಅಂದು ಅವರು ಕಲಿತ ಪಾಠವಾಯಿತು ಎಂಬುದು ನನಗೆ ಆಗ ತೋರಲಿಲ್ಲ.

ಇದಕ್ಕೆ ಉತ್ತರಭಾಗವೊಂದಿದೆ. ಎರಡು ವರ್ಷಗಳ ಹಿಂದೆ ನನ್ನ ಅಂಗಾಲುಗಳು ಜೋಮು ಹಿಡಿಯತೊಡಗಿದುವು. ಮೆಟ್ಟಲಿಳಿಯುವಾಗ ಆಯ ತಪ್ಪುತ್ತಿತ್ತು. ಬಾಲ್ಯದಿಂದ ಕಂಠಸ್ಥವಾಗಿದ್ದ ಶ್ಲೋಕಗಳು ಮೂರನೆಯ ಪಾದದಲ್ಲಿ ಕೈಕೊಡುತ್ತಿದ್ದುವು. ವೈದ್ಯರು ರಕ್ತಪರೀಕ್ಷೆ ಮಾಡಿಸಿ, "ಹಾಲು ಮೊಸರು ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರು. ಕಫವೆಂಬ ಕಾರಣದಿಂದ ಅವುಗಳನ್ನು ಬಿಟ್ಟು ಹತ್ತು ವರ್ಷಗಳಾಗಿದ್ದುವು. ಬಿ-12 ಎಂಬ ಜೀವಸತ್ವವು ಕಾಳು, ಸೊಪ್ಪು, ತರಕಾರಿಗಳಲ್ಲಿ ದೊರೆಯುವುದಿಲ್ಲವೆಂದೂ, ಸಸ್ಯಾಹಾರಿಗಳಿಗೆ ಅದು ಹಾಲು ಮೊಸರುಗಳಿಂದ ಬರಬೇಕೆಂದೂ, ಅವನ್ನು ಬಿಟ್ಟವರು ಔಷಧವಾಗಿಯಾದರೂ ತೆಗೆದುಕೊಳ್ಳದಿದ್ದರೆ ನರಗಳಿಗೆ ಹಾನಿಯೆಂದೂ ತಿಳಿಸಿದರು. ಸೂಜಿಮದ್ದಿನಿಂದ ಬಹುಮಟ್ಟಿಗೆ ಗುಣವಾಯಿತು. ಎಡಗಾಲಿನ ಬೆರಳುಗಳ ಜೋಮು ಮಾತ್ರ ಉಳಿದಿದೆ. ಆ ಔಷಧವನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುವುದರಿಂದ ನನ್ನ ವ್ರತಕ್ಕೇನೂ ಭಂಗವಾಗಲಿಲ್ಲ. ಆದರೆ ವೈದ್ಯರು ಹೇಳಿದ್ದೇ ಆ ತರುಣನು ಚಾಚಿದ ಟಿಪ್ಪಣಿಯಲ್ಲಿಯೂ ಇದ್ದಿರಬೇಕೆಂಬುದು, ಹೆಂಡತಿ ಆ ಪ್ರಶ್ನೆ ಕೇಳಿದ ರಾತ್ರಿ ನನಗೆ ಹೊಳೆಯಿತು. ಅಂದು ಆ ತರಗತಿಯಲ್ಲಿದ್ದ ಮಕ್ಕಳು ಈಗ ಮನೆಮಕ್ಕಳುಳ್ಳವರು. ಅವರಲ್ಲಿ ಎಷ್ಟು ಮಂದಿಗೆ ಈ ವಿಷಯ ತಿಳಿಯದೆ ಹೋಯಿತೋ!

ಬೋಧನಾಸ್ವಾತಂತ್ರ್ಯವೆಂದರೆ ಮೇಷ್ಟರು ಮನಸ್ಸಿಗೆ ಬಂದುದನ್ನೆಲ್ಲ ಹೇಳುವುದಲ್ಲ. ಅಮೆರಿಕಾದ ಪ್ರಾಧ್ಯಾಪಕರ ಸಂಘ 1940ರಲ್ಲಿ ಒಪ್ಪಿಕೊಂಡ ನಿಯಮವು, ಬೋಧಕನಿಗೆ ತನ್ನ ವಿಷಯವನ್ನು ತರಗತಿಯಲ್ಲಿ ಚರ್ಚಿಸುವ ಸ್ವಾತಂತ್ರ್ಯವನ್ನು ಕೊಟ್ಟು, ವಿಷಯಕ್ಕೆ ಸಂಬಂಧಪಡದ ವಿವಾದವನ್ನು ತರಬಾರದೆಂದೂ ಎಚ್ಚರಿಸುತ್ತದೆ. ಆಹಾರದ ಪಾಠದಲ್ಲಿ ಮೊಟ್ಟೆಯ ಮಾತು ಸಂಬಂಧಪಡದ್ದೆಂದು ಹೇಳುವವರು ಯಾರು?

ಇನ್ನೊಂದು ಪ್ರಸಂಗ ಇದಕ್ಕಿಂತ ಬೋಧಪ್ರದವಾಗಿದೆ. 1943ರಲ್ಲಿ, ಮಹಾಯುದ್ಧದ ಮಧ್ಯದಲ್ಲಿ, ಅಮೆರಿಕಾದ ಐಯೋವಾ ಸಂಸ್ಥಾನದ ಕಾಲೇಜಿನಲ್ಲಿ ಬ್ರೌನ್‌ಲೀ ಎಂಬ ತರುಣ ಅರ್ಥಶಾಸ್ತ್ರಜ್ಞರು ಒಂದು ಸಣ್ಣ ಪುಸ್ತಿಕೆ ಬರೆದರು. ಎಣ್ಣೆಯಿಂದ ಮಾಡುವ ಮಾರ್ಗರೀನ್ ಎಂಬ ಕೃತಕ ಬೆಣ್ಣೆಯು ಪೋಷಣೆಯಲ್ಲಿ ಹಸುವಿನ ಬೆಣ್ಣೆಗೆ ಸರಿದೊರೆಯೆಂದೂ, ಅದರ ಮೇಲಿನ ನಿರ್ಬಂಧಗಳನ್ನು ತೆಗೆಯಬಹುದೆಂದೂ ಅದರ ಸಾರ. ಐಯೋವಾ ಹೈನಿನ ನಾಡು. ಹಾಲು ಬೆಣ್ಣೆಗಳ ವ್ಯಾಪಾರಸ್ಥರು ಕೆರಳಿದರು. ಕಾಲೇಜಿನ ಅಧ್ಯಕ್ಷರು ಪುಸ್ತಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು. ಆ ವಿಭಾಗದ ಮುಖ್ಯಸ್ಥರಾಗಿದ್ದ ಥಿಯೊಡೋರ್ ಷುಲ್ಟ್ಸ್ ಇದನ್ನು ಸಹಿಸದೆ ರಾಜೀನಾಮೆ ಕೊಟ್ಟು ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಹೋದರು. 1979ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಪುಸ್ತಿಕೆಯು 1944ರಲ್ಲಿ ಪರಿಷ್ಕೃತವಾಗಿ ಮತ್ತೆ ಅಚ್ಚಾಯಿತು.

ಇಲ್ಲಿಗೆ ಕಥೆ ಮುಗಿಯಿತೆಂದರೆ ಬ್ರೌನ್‌ಲೀ ಗೆದ್ದರೆಂದು ತೋರೀತು. ಆದರೆ ಎಣ್ಣೆಯನ್ನು ಗಟ್ಟಿಮಾಡುವಾಗ ಹುಟ್ಟುವ ಒಂದು ಬಗೆಯ ಕೊಬ್ಬು ಹೃದಯಕ್ಕೆ ಕೇಡೆಂಬುದು ಅರ್ಧಶತಮಾನದ ತರುವಾಯ ಸ್ಥಿರಪಟ್ಟಿತು. ನಮ್ಮ ದೇಶದಲ್ಲಿಯೂ 2022ರಿಂದ ಎಣ್ಣೆ ವನಸ್ಪತಿಗಳಲ್ಲಿ ಅದು ನೂರಕ್ಕೆ 2 ಪಾಲನ್ನು ಮೀರಬಾರದೆಂಬ ನಿಯಮ ಬಂದಿದೆ. ಹಾಗಾದರೆ ಪುಸ್ತಿಕೆಯನ್ನು ಅಡಗಿಸಿದವರೇ ಸರಿಯೆ? ಅಲ್ಲ. ಅವರಿಗೆ ಈ ದೋಷ ತಿಳಿದಿರಲಿಲ್ಲ. ಅವರು ಕಾಪಾಡಿದುದು ತಮ್ಮ ವ್ಯಾಪಾರವನ್ನು. ದೋಷವನ್ನು ಕಂಡುಹಿಡಿದವರು, ಸುಮ್ಮನಿರಿಸಲ್ಪಡದೆ ಪರೀಕ್ಷೆ ಮುಂದುವರಿಸಿದ ಬೇರೆ ವಿದ್ವಾಂಸರು. ಬೋಧಕನು ಯಾವಾಗಲೂ ಸರಿಯಾಗಿರುತ್ತಾನೆಂದು ಅವನಿಗೆ ಸ್ವಾತಂತ್ರ್ಯ ಬೇಕಾದುದಲ್ಲ. ಅವನು ತಪ್ಪಿದಾಗ ಇನ್ನೊಬ್ಬನು ತಿದ್ದಲು ದಾರಿ ತೆರೆದಿರಬೇಕು, ಅದಕ್ಕಾಗಿ.

ಇದನ್ನು ನಾನು ಐಯೋವಾದಿಂದ ಕಲಿಯಬೇಕಾಗಿರಲಿಲ್ಲ. ಪೂರ್ವಪಕ್ಷವನ್ನು ಮೊದಲು ಪೂರ್ತಿಯಾಗಿ ಮಂಡಿಸದೆ ಸಿದ್ಧಾಂತ ಹೇಳುವುದು ನಮ್ಮ ಶಾಸ್ತ್ರಗಳ ಸಂಪ್ರದಾಯವೇ ಅಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವಿದ್ವಾಂಸರು ಕೂಡಿ ಚರ್ಚಿಸುವ ಕ್ರಮವನ್ನೇ ವಿವರಿಸಿದೆ. ಸ್ನೇಹದ ಚರ್ಚೆ ಹೇಗೆ, ಪೈಪೋಟಿಯ ಚರ್ಚೆ ಹೇಗೆ ಎಂದು ಬೇರೆ ಬೇರೆಯಾಗಿ ಹೇಳಿದೆ. ಅದೇ ಗ್ರಂಥವು ಸೂತ್ರಸ್ಥಾನದಲ್ಲಿ ಅನ್ನಪಾನಗಳ ಗುಣಗಳನ್ನು ಎಣಿಸುವಾಗ ಧಾನ್ಯ, ಶಾಕ, ಫಲ, ಹಾಲುಗಳೊಡನೆ ಮಾಂಸಕ್ಕೂ ಒಂದು ವರ್ಗವನ್ನಿಟ್ಟಿದೆ. ವಿದ್ಯಾರ್ಥಿದಶೆಯಲ್ಲಿ ಆ ಪುಟಗಳನ್ನು ನಾನು ಬೇಗಬೇಗ ಮಗುಚಿದವನು. ನಾನು ಮಗುಚಿದೆನೆಂದು ಗ್ರಂಥಕಾರನು ಬಿಟ್ಟುಬಿಡಲಿಲ್ಲವಷ್ಟೆ!

ಆಚಾರವೇ ಬೇರೆ, ವಿಚಾರವೇ ಬೇರೆ. ನನ್ನ ಎಲೆಯಲ್ಲಿ ಏನಿರಬೇಕೆಂಬುದು ನನ್ನ ಆಚಾರ. ಅದನ್ನು ಯಾರೂ ಕದಲಿಸಬೇಕಾದುದಿಲ್ಲ. ತರಗತಿಯ ಹಲಗೆಯ ಮೇಲೆ ಏನಿರಬೇಕೆಂಬುದು ವಿಚಾರ. ನನ್ನ ಎಲೆಯ ಅಳತೆಗೆ ಹಲಗೆಯನ್ನು ಕತ್ತರಿಸಿದ್ದು ನನ್ನ ತಪ್ಪು. ಕಾರ್ನೆಲ್ಲಿನ ಸಸ್ಯಾಹಾರದ ಪಾಠಕ್ಕಾಗಿ ಮರುಗಿದವನು, ನಮ್ಮೂರಿನ ಮೊಟ್ಟೆಯ ಪಾಠಕ್ಕಾಗಿಯೂ ಮರುಗಲೇಬೇಕು. ಇಲ್ಲದಿದ್ದರೆ ಆ ಮರುಕವು ಸ್ವಪಕ್ಷಾಭಿಮಾನವೇ ಹೊರತು ನ್ಯಾಯವಲ್ಲ.

ಆ ಉಪಾಧ್ಯಾಯರ ವಿಳಾಸವನ್ನು ವಿಚಾರಿಸಿ ಒಂದು ಕಾಗದ ಬರೆದೆನು. ಕ್ಷಮೆ ಕೇಳುವುದಕ್ಕೆ ನಾಲ್ಕು ಸಾಲು ಸಾಕಾಯಿತು. ಅವನ್ನು ಬರೆಯುವುದಕ್ಕೆ ನಾಲ್ಕು ದಿನ ಹಿಡಿಯಿತು. ವಾರದೊಳಗೆ ಉತ್ತರ ಬಂದಿತು. ಆ ಮಾತನ್ನು ತಾವು ಮನಸ್ಸಿನಲ್ಲಿಟ್ಟುಕೊಂಡಿಲ್ಲವೆಂದು ಸೌಜನ್ಯಕ್ಕೆ ಬರೆದು, ಈ ವರ್ಷ ಆಹಾರದ ಪಾಠ ಕಾರ್ತಿಕದಲ್ಲಿ ಬರುವುದೆಂದೂ, ನಾನು ಬಂದು ಮಕ್ಕಳೆದುರಿಗೆ ನನ್ನ ಕಾಲಿನ ಜೋಮಿನ ಕಥೆಯನ್ನು ಹೇಳಿದರೆ ಟಿಪ್ಪಣಿಗಿಂತ ಚೆನ್ನಾಗಿ ನಾಟೀತೆಂದೂ ಕೇಳಿದ್ದರು. ಒಪ್ಪಿ ಬರೆದಿದ್ದೇನೆ. ಅಂದು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಎರಡು ತಟ್ಟೆಗಳ ಪಾಠವನ್ನೂ ಕಡೆಯವರೆಗೆ ಕೇಳಬೇಕೆಂದಿದ್ದೇನೆ.