ತೋಟದಲ್ಲೇ ಪಾಠ
ಗಂಡುಹುಡುಗರನ್ನು ಒಂದು ಕಡೆ ಕೂರಿಸಿ ಕಲಿಸೋದು ಕಷ್ಟ ಅಂತಾರೆ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೂರಿಸಲೇಬೇಕು ಅಂತೇನಿಲ್ಲ, ತೋಟಕ್ಕೆ ಕರೆದುಕೊಂಡು ಹೋದರೆ ಸಾಕು.

ಸಸಿಯಿಂದ ಸಸಿಗೆ 30 ಅಡಿ ಬಿಟ್ಟರೆ ಎಕರೆಗೆ ಎಷ್ಟು ತೆಂಗು? ದೊಡ್ಡವನು ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿ, 43,560 ಅನ್ನು 900ರಿಂದ ಭಾಗಿಸಿ, "48" ಅಂತಾನೆ. ಚಿಕ್ಕವನು ಅಟ್ಟದ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾನೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಸುಲಿಯಬಹುದು. ಅದಕ್ಕೆ ಹತ್ತು ಹನ್ನೊಂದು ತಿಂಗಳು ಕಾಯಬೇಕು ಅನ್ನೋದನ್ನೂ ಕಲಿತಿದ್ದಾನೆ.

ಶಾಲೆ ಬೇಕೇ ಬೇಕು. ಆದರೆ ಈ ಪಾಠ ಹೇಳಿಕೊಡಬೇಕಾದವರು ನಾವೇ. ರಜೆ ಬಂದಾಗ ಮಕ್ಕಳನ್ನು ಟ್ಯೂಷನ್ನಿಗೆ ಕಳಿಸೋ ಮುಂಚೆ ಒಂದು ಸಲ ತೋಟಕ್ಕೆ ಕರೆದುಕೊಂಡು ಹೋಗಿ.