ಸಹಿ ಹಾಕುವ ಮುನ್ನ

ಅಧಿಕಾರಿಗಳು ನಮ್ಮ ಮಾತನ್ನು ಸಾವಧಾನವಾಗಿಯೇ ಕೇಳಿಸಿಕೊಂಡರು. ಬಳಿಕ ಒಂದೇ ಪ್ರಶ್ನೆ ಕೇಳಿದರು: "ಸಮಿತಿಯ ತೀರ್ಮಾನ ಎಲ್ಲಿದೆ? ಯಾವ ದಿನಾಂಕದ್ದು?" ತಳಿಯ ಕಡೆಯ ನಮ್ಮ ಹಳ್ಳಿಯಿಂದ ಹೊರಟು, ಹೊಸೂರಿನಲ್ಲಿ ಬಸ್ಸು ಬದಲಿಸಿ ಹೋಗಿದ್ದ ನಾವು ನಾಲ್ವರು ತಾಯಂದಿರು ಪರಸ್ಪರ ಮುಖ ನೋಡಿಕೊಂಡೆವು.

ಶಾಲೆಯ ಕನ್ನಡ ಶಿಕ್ಷಕರೊಬ್ಬರು ನಿವೃತ್ತರಾದ ಮೇಲೆ ಆ ಸ್ಥಾನ ತೆರವಾಗಿಯೇ ಉಳಿದಿತ್ತು. ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗೆ ಗಣಿತವನ್ನು ಕನ್ನಡದಲ್ಲಿ ಹೇಳಿಕೊಡುವವರಿರಲಿಲ್ಲ. ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಅರ್ಧ ಗಂಟೆ ಮಾತನಾಡಿದ್ದೆವು. ಸಹಿಯನ್ನೂ ಹಾಕಿದ್ದೆವು. ಊರಿಗೆ ಮರಳಿ ನಡಾವಳಿ ಪುಸ್ತಕವನ್ನು ತೆಗೆಸಿ ನೋಡಿದರೆ ಆ ದಿನದ ಪುಟದಲ್ಲಿ ಕಾಂಪೌಂಡು ಗೋಡೆಯ ಬಣ್ಣವಿತ್ತು, ನೀರಿನ ತೊಟ್ಟಿಯ ಶುಚಿತ್ವವಿತ್ತು. ಶಿಕ್ಷಕರ ಮಾತೇ ಇರಲಿಲ್ಲ. ಕೆಳಗೆ ನಮ್ಮ ಸಹಿಗಳು ಸಾಲಾಗಿ ನಿಂತಿದ್ದವು. ಜೊತೆಯಲ್ಲಿದ್ದ ತಾಯಿಯೊಬ್ಬರು, "ಅಷ್ಟೊತ್ತು ಬಾಯಿ ಬಡ್ಕೊಂಡ್ವಲ್ಲ ಅಕ್ಕಾ, ಅದೆಲ್ಲೈತೆ ಇದ್ರಾಗೆ?" ಎಂದರು.

ಇದರಲ್ಲಿ ಯಾರ ದುರುದ್ದೇಶವೂ ಇದ್ದಂತೆ ನನಗೆ ತೋರುವುದಿಲ್ಲ. ಸಭೆ ಮುಗಿದು ಎಲ್ಲರೂ ಹೊರಟ ಮೇಲೆ, ಬಿಡುವು ನೋಡಿ, ನೆನಪಿದ್ದಷ್ಟನ್ನು ತಮಿಳಿನಲ್ಲಿ ಬರೆಯುವುದು ರೂಢಿಯಾಗಿತ್ತು. ಸಹಿಯನ್ನು ಮಾತ್ರ ಮೊದಲೇ ಪಡೆಯಲಾಗುತ್ತಿತ್ತು. ಕನ್ನಡ ಶಾಲೆಯಲ್ಲಿ ಕಲಿತ ನಮ್ಮಲ್ಲಿ ಹೆಚ್ಚಿನವರು ತಮಿಳನ್ನು ಸಲೀಸಾಗಿ ಆಡುತ್ತೇವೆ, ಓದಲಾರೆವು. ಎರಡು ಭಾಷೆಗಳಲ್ಲೂ 'ತೀರ್ಮಾನ' ಒಂದೇ ಪದ. ಆದರೂ ನಮ್ಮ ತೀರ್ಮಾನ ನಮಗೇ ತಿಳಿದಿರಲಿಲ್ಲ.

ಕಾನೂನು ನಮ್ಮನ್ನು ಕರೆದಿರುವುದು ಬರಿಯ ಸಹಿಗಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಪ್ರಕರಣದಂತೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕಾರ್ಯವನ್ನು ಗಮನಿಸುವುದು, ಅನುದಾನದ ಬಳಕೆಯನ್ನು ನೋಡುವುದು, ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಇವೆಲ್ಲ ಸಮಿತಿಯ ಕೆಲಸ. 2022ರಲ್ಲಿ ತಮಿಳುನಾಡಿನಾದ್ಯಂತ ಸಮಿತಿಗಳು ಹೊಸದಾಗಿ ರಚನೆಯಾದಾಗ ನಾನೂ ಸದಸ್ಯೆಯಾದೆ. ಕುರ್ಚಿ ಸಿಕ್ಕಿತೆಂದು ಹಿಗ್ಗಿದೆ. ಪುಸ್ತಕದ ಕಡೆ ನೋಡಲಿಲ್ಲ. ಈ ತಪ್ಪು ನನ್ನದೇ.

ಮುಂದಿನ ಸಭೆಯಲ್ಲಿ ನಾವು ಕೇಳಿದ್ದು ಒಂದೇ: ಬರೆದುದನ್ನು ಕನ್ನಡದಲ್ಲಿ ಓದಿ ಹೇಳಿರಿ, ಆಮೇಲೆ ಸಹಿ. ಮುಖ್ಯೋಪಾಧ್ಯಾಯರು ಒಪ್ಪಿದರು. ಎರಡೂ ಲಿಪಿ ಬಲ್ಲ ಹಳೆಯ ವಿದ್ಯಾರ್ಥಿಯೊಬ್ಬ ಓದತೊಡಗಿದ. 'ಶಿಕ್ಷಕರನ್ನು ನೇಮಿಸಿದರೆ ಒಳ್ಳೆಯದು' ಎಂಬಲ್ಲಿಗೆ ಬಂದಾಗ ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು: "ಒಳ್ಳೇದು ಅಂತ ಯಾರಂದ್ರು? ಬೇಕು ಅಂದ್ವಿ." ವಾಕ್ಯವನ್ನು ತಿದ್ದಲಾಯಿತು. ಅಂದಿನ ಸಭೆ ಮುಗಿಯುವುದು ಒಂದು ಗಂಟೆ ತಡವಾಯಿತು. ಹಾಲು ಹಾಕಲು ಹೋಗಬೇಕಾದವರು ಗೊಣಗಿದರು.

ಆ ನಿರ್ಣಯದಲ್ಲಿ ನಮ್ಮ ಸಂಕಟಕ್ಕಿಂತ ಅಂಕಿಗಳಿಗೆ ಹೆಚ್ಚು ಜಾಗ ಕೊಟ್ಟೆವು. ಯಾವ ತರಗತಿ, ಎಷ್ಟು ಮಕ್ಕಳು, ಎಂದಿನಿಂದ ಸ್ಥಾನ ತೆರವಾಗಿದೆ, ಎಲ್ಲವನ್ನೂ ಬರೆಸಿದೆವು. ಅದಕ್ಕೆ ಕಾರಣವುಂಟು. 1949ರಲ್ಲಿ ಪ್ರಾಂತ್ಯಗಳ ಶಿಕ್ಷಣ ಸಚಿವರ ಸಮ್ಮೇಳನವು, ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ತಾಯ್ನುಡಿಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕೆಂದು ಅಂಗೀಕರಿಸಿತ್ತು. ತಾಯ್ನುಡಿಯ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂಬ 350-ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. 'ನಮ್ಮ ಮಕ್ಕಳಿಗೆ ಅನ್ಯಾಯವಾಗಿದೆ' ಎಂಬ ಮಾತನ್ನು ಕಡತ ಮರೆಯಬಹುದು. ತರಗತಿಯ ಹಾಜರಿ ಸಂಖ್ಯೆಯನ್ನು ಅಲ್ಲಗಳೆಯುವುದು ಸುಲಭವಲ್ಲ.

ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ಕೊಟ್ಟಿದೆ. ಹಾಗಾಗಿ ಮನವಿಯನ್ನು ಕನ್ನಡದಲ್ಲಿಯೇ ಬರೆದೆವು. ಜೊತೆಗೆ ತಮಿಳಿನ ಪ್ರತಿಯನ್ನೂ ಲಗತ್ತಿಸಿದೆವು. ಹಕ್ಕು ನಮ್ಮದಿರಬಹುದು, ಓದಬೇಕಾದವರು ಅವರಲ್ಲವೇ?

ಈ ಸಲ ಸ್ವೀಕೃತಿ ಸಂಖ್ಯೆ ಸಿಕ್ಕಿತು. ಕೆಲವು ವಾರಗಳ ನಂತರ ಉತ್ತರವೂ ಬಂದಿತು: ವಿಷಯ ಪರಿಶೀಲನೆಯಲ್ಲಿದೆ ಎಂದು. ಶಿಕ್ಷಕರು ಇನ್ನೂ ಬಂದಿಲ್ಲ. ಮಗಳು ಭಿನ್ನರಾಶಿಯ ಲೆಕ್ಕಗಳನ್ನು ರಾತ್ರಿ ನನ್ನ ಬಳಿ ಹೇಳಿಸಿಕೊಳ್ಳುತ್ತಾಳೆ. ನನಗೂ ಅರ್ಧ ಮರೆತಿದೆ. ಮುಂದಿನ ಸಭೆಯಲ್ಲಿ ಆ ಉತ್ತರವನ್ನು ಗಟ್ಟಿಯಾಗಿ ಓದಿಸಿ ನಡಾವಳಿ ಪುಸ್ತಕದಲ್ಲಿ ಅಂಟಿಸಬೇಕೆಂದಿದ್ದೇವೆ. ಅಂಟು ತರುವ ಹೊಣೆ ನನಗೆ ಬಿದ್ದಿದೆ.