ತೋಳಿನ ಬಲ ಯಾರಿಗಾಗಿ?

ನಮ್ಮ ಶರೀರವು ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬೋಧಿಸಿದರು. ಕ್ರೀಡಾಪಟುವಿನ ಶಿಸ್ತನ್ನು ವಿಶ್ವಾಸಜೀವನಕ್ಕೆ ಹೋಲಿಸಿದವರೂ ಅವರೇ. ಆದುದರಿಂದ ತನ್ನ ತೋಳುಗಳು ಬಲಗೊಳ್ಳಬೇಕೆಂದು ಯುವಕನೊಬ್ಬನು ಬಯಸಿದರೆ ಅದನ್ನು ಬರಿಯ ಒಣಹೆಮ್ಮೆಯೆಂದು ತಳ್ಳಿಹಾಕಲಾಗದು. ಆದರೆ ಆ ಬಯಕೆ ಮನೆಯ ಹಣವನ್ನು ಮುಟ್ಟಿದಾಗ ವಿವೇಚನೆ ಅಗತ್ಯ.

ನಮ್ಮ ಧರ್ಮಕೇಂದ್ರದ ಕುಟುಂಬವೊಂದರಲ್ಲಿ ಇದೇ ಚರ್ಚೆ ಎದ್ದಿತು. ಕಂತಿನಲ್ಲಿ ದೊರೆಯುವ, ರಾಟೆ-ತಂತಿಗಳ ದೊಡ್ಡ ವ್ಯಾಯಾಮ ಯಂತ್ರವೊಂದು ಮಗನಿಗೆ ಬೇಕಿತ್ತು. ತಾಯಿಗೆ ಮಗಳ ಕಾಲೇಜು ಶುಲ್ಕದ ಚಿಂತೆ. ಇಬ್ಬರೂ ನನ್ನ ಅಭಿಪ್ರಾಯ ಕೇಳಿದರು.

ಸ್ನಾಯುವಿಗೆ ಯಂತ್ರದ ಬೆಲೆ ತಿಳಿಯದು. ಅದು ಬಲ್ಲುದು ಭಾರವನ್ನು ಮಾತ್ರ. ಒಂದು ಭಾರವನ್ನು 12 ಬಾರಿ ಸಲೀಸಾಗಿ ಎತ್ತುವಂತಾದಾಗ ಅದನ್ನು ತುಸು ಹೆಚ್ಚಿಸಬೇಕು. ಸ್ನಾಯು ಬೆಳೆಯುವ ಬಗೆ ಇದು. ಅದಕ್ಕೆ ಬಿಲ್ಲೆಗಳನ್ನು ಸೇರಿಸಿ ಕಳೆಯಬಹುದಾದ ಒಂದು ಜೊತೆ ಡಂಬೆಲ್ ಸಾಕು. ಸಿಮೆಂಟು ತುಂಬಿದ ಪ್ಲಾಸ್ಟಿಕ್ ಬಿಲ್ಲೆಗಳು ಅಗ್ಗವಾದರೂ ದಪ್ಪ. ಕಬ್ಬಿಣದವು ಬಹುಕಾಲ ಬಾಳುತ್ತವೆ. ಬಿಲ್ಲೆಗಳನ್ನು ಹಿಡಿದಿಡುವ ನಟ್ಟು ಬಿಗಿಯಾಗಿದೆಯೇ ಎಂದು ಪ್ರತಿಸಲವೂ ನೋಡಬೇಕು. ರಬ್ಬರ್ ಪಟ್ಟಿಯೂ ಒಳ್ಳೆಯದೇ, ಬಿರುಕು ಬಿಟ್ಟಿರಬಾರದು ಅಷ್ಟೆ. ಬಾಗಿಲಿಗೆ ಸಿಕ್ಕಿಸಿ ಜೋತಾಡುವ ಸರಳನ್ನು ಮಾತ್ರ ಚೌಕಟ್ಟು ಗಟ್ಟಿಯಿದ್ದರಷ್ಟೇ ಕೊಳ್ಳಬೇಕು.

ಯುವಕರು ತೋಳಿನ ಮುಂಬದಿಯ ಉಬ್ಬನ್ನೇ ನೋಡುತ್ತಾರೆ. ಹಿಂಬದಿಯ ಸ್ನಾಯು ಅದಕ್ಕಿಂತ ದೊಡ್ಡದು. ಅದನ್ನು ಬೆಳೆಸುವ ದಂಡಕ್ಕೆ ಬಿಡಿಕಾಸೂ ಬೇಡ. ನಮ್ಮ ಗರಡಿಮನೆಗಳ ಪೈಲ್ವಾನರು ಮರದ ಗದೆ ತಿರುಗಿಸಿ, ದಂಡ ಹೊಡೆದೇ ಬಲಿಷ್ಠರಾದರು. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಮುಖ್ಯ ಸ್ನಾಯುಗಳೆಲ್ಲಕ್ಕೂ ಬಲವರ್ಧಕ ವ್ಯಾಯಾಮ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ನಡುವೆ ವಿಶ್ರಾಂತಿಯೂ ಬೇಕು. ದಣಿದ ಸ್ನಾಯು ಚೇತರಿಸಿಕೊಂಡು ಬೆಳೆಯುವುದು ಆಗಲೇ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಾತು ಉಳಿದಿತ್ತು. ಆ ಮನೆಯಲ್ಲಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅಜ್ಜನಿದ್ದರು. ದಿನವೂ ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುತ್ತಿದ್ದವರು ಆ ತಾಯಿಯೊಬ್ಬರೇ. "ಮಗನೇ, ಭಾರ ಎತ್ತುವ ಅಭ್ಯಾಸವನ್ನು ಅಜ್ಜನ ಮಂಚದ ಬಳಿಯೂ ಮಾಡಬಹುದಲ್ಲವೇ?" ಎಂದೆ. ಅವನು ತಲೆ ತಗ್ಗಿಸಿದ. ಮುಂದಿನ ತಿಂಗಳು ಕಾಲೇಜು ಶುಲ್ಕ ಸಂದಿತು. ಮನೆಗೆ ಒಂದು ಜೊತೆ ಡಂಬೆಲ್ ಬಂದಿತು. ಈಗ ಮೊಣಕಾಲು ಬಾಗಿಸಿ, ಬೆನ್ನು ನೆಟ್ಟಗಿರಿಸಿ ಅಜ್ಜನನ್ನು ಎಬ್ಬಿಸುವವನು ಅವನೇ, ತಾಯಿ ಪಕ್ಕದಲ್ಲಿ ಆಸರೆಗೆ ನಿಲ್ಲುತ್ತಾರೆ.

ಪ್ರಿಯ ಪೋಷಕರೇ, ನಿಮ್ಮ ಮಕ್ಕಳು ಬಲಿಷ್ಠರಾಗಲಿ. ಶಿಲುಬೆ ಹಾದಿಯ 5ನೆಯ ಸ್ಥಳದಲ್ಲಿ ನಾವು ಸಿರೇನ್ ಪಟ್ಟಣದ ಸಿಮೋನನನ್ನು ಸ್ಮರಿಸುತ್ತೇವೆ. ಅವನ ತೋಳುಗಳ ಅಳತೆಯನ್ನು ಶುಭಸಂದೇಶವು ತಿಳಿಸುವುದಿಲ್ಲ. ಅವನು ಹೊತ್ತದ್ದು ಯಾರ ಶಿಲುಬೆಯನ್ನು ಎಂಬುದನ್ನಷ್ಟೇ ತಿಳಿಸುತ್ತದೆ.